ಮಡಕೆ ಒಡೆದವನ ತಪ್ಪು: ಎಲ್ಲಕ್ಕೂ ಕಾರಣವಿದ್ದರೆ ನಮ್ಮ ಆಯ್ಕೆಗೆ ಏನು ಬೆಲೆ?

ಪೋಲಾಸಪುರದಲ್ಲಿ ಸದ್ದಾಲಪುತ್ತ ಎಂಬ ಕುಂಬಾರನಿದ್ದ. ಸಣ್ಣಪುಟ್ಟ ಕುಂಬಾರನಲ್ಲ, 500 ಅಂಗಡಿಗಳ ಒಡೆಯ. ಶ್ವೇತಾಂಬರ ಜೈನರ ಆಗಮಗಳಲ್ಲಿ ಒಂದಾದ ‘ಉವಾಸಗದಸಾಓ’ದಲ್ಲಿ ಇವನ ಕತೆ ಬರುತ್ತದೆ. ಅವನು ಮಕ್ಖಲಿ ಗೋಸಾಲನ ಆಜೀವಿಕ ಪಂಥದವನು. ಜಗತ್ತಿನಲ್ಲಿ ನಡೆಯುವುದೆಲ್ಲ ನಿಯತಿಯಂತೆ ನಡೆಯುತ್ತದೆ, ಮನುಷ್ಯನ ಪ್ರಯತ್ನ ಅಂತ ಏನೂ ಇಲ್ಲ ಎಂದು ನಂಬಿದ್ದವನು.

ಒಂದು ದಿನ ಅವನು ಹಸಿ ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಮಹಾವೀರರು ಕೇಳಿದರು: ಈ ಮಡಕೆ ಹೇಗಾಯಿತು? ಕುಂಬಾರ ತನ್ನ ಕಸುಬನ್ನು ವಿವರಿಸಿದ. ಮೊದಲು ಇದು ಮಣ್ಣಾಗಿತ್ತು. ನೀರು ಹಾಕಿ ಕಲಸಿ, ಬೂದಿ, ಸಗಣಿ ಬೆರೆಸಿ, ತಿಗರಿಗೆ ಏರಿಸಿದ ಮೇಲೆ ಮಡಕೆಯಾಯಿತು. ಹಾಗಾದರೆ ಇದು ಪ್ರಯತ್ನದಿಂದ ಆದದ್ದೋ, ಪ್ರಯತ್ನವಿಲ್ಲದೆ ಆದದ್ದೋ? ಸದ್ದಾಲಪುತ್ತ ತನ್ನ ಪಂಥಕ್ಕೆ ತಕ್ಕ ಉತ್ತರವನ್ನೇ ಕೊಟ್ಟ. ಪ್ರಯತ್ನವಿಲ್ಲದೆ ಆದದ್ದು, ಎಲ್ಲವೂ ಮೊದಲೇ ನಿಗದಿಯಾಗಿದೆ.

ಮಹಾವೀರರ ಮುಂದಿನ ಪ್ರಶ್ನೆ ನೇರವಾಗಿತ್ತು. ಯಾರಾದರೂ ಬಂದು ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿ ಅಗ್ಗಿಮಿತ್ತೆಯ ಜೊತೆ ಕೆಟ್ಟದಾಗಿ ನಡೆದುಕೊಂಡರೆ ಏನು ಮಾಡುತ್ತೀಯ? ಕುಂಬಾರ ತಡಮಾಡಲಿಲ್ಲ. ಬೈಯುತ್ತೇನೆ, ಹೊಡೆಯುತ್ತೇನೆ, ಕಟ್ಟಿಹಾಕುತ್ತೇನೆ, ಕೊಂದೇಬಿಡುತ್ತೇನೆ ಎಂದ. ಪ್ರಯತ್ನವೇ ಇಲ್ಲ ಅಂದಮೇಲೆ ಯಾರೂ ಏನನ್ನೂ ಒಡೆದಿಲ್ಲವಲ್ಲ, ನೀನು ಯಾರನ್ನು ಹೊಡೆಯುತ್ತೀಯ? ಹೊಡೆಯುವುದೇ ನಿಜವಾದರೆ ನಿನ್ನ ಸಿದ್ಧಾಂತ ಸುಳ್ಳಾಗಬೇಕು. ಕುಂಬಾರ ಒಪ್ಪಿಕೊಂಡ, ಮಹಾವೀರರ ಕಡೆಗೆ ಬಂದ. ಆಮೇಲೆ ಗೋಸಾಲ ತಾನೇ ಬಂದು ಕರೆದರೂ ಹಿಂದಕ್ಕೆ ಹೋಗಲಿಲ್ಲ.

ಗೋಸಾಲನ ಎದುರು ಮಹಾವೀರರು ಗೆದ್ದದ್ದು ನಿಜ. ಆದರೆ ಇದೇ ಪ್ರಶ್ನೆಯನ್ನು ಭೌತವಿಜ್ಞಾನ, ಮಿದುಳಿನ ವಿಜ್ಞಾನ ಓದಿಕೊಂಡ ಇಂದಿನ ಒಬ್ಬ ಕುಂಬಾರನಿಗೆ ಕೇಳಿದರೆ ಅವನು ಅಷ್ಟು ಬೇಗ ಸೋಲುವುದಿಲ್ಲ. ಒಡೆದವನ ಕೈ ಎದ್ದದ್ದು ಅವನ ಮಿದುಳಿನ ಸಂಕೇತದಿಂದ. ಆ ಸಂಕೇತಕ್ಕೆ ಅದರ ಹಿಂದಿನ ಸ್ಥಿತಿ ಕಾರಣ. ಅದಕ್ಕೆ ಅವನು ಬೆಳೆದ ಮನೆ, ತಿಂದ ಅನ್ನ, ಹುಟ್ಟಿನಿಂದ ಬಂದ ಜೀನ್‌ಗಳು ಕಾರಣ. ಇವುಗಳಲ್ಲಿ ಯಾವುದನ್ನು ಅವನು ಆರಿಸಿಕೊಂಡಿದ್ದ? ಯಾವುದೂ ಇಲ್ಲ. ಹಾಗಾದರೆ ತಪ್ಪು ಅವನದು ಹೇಗೆ?

ಎಲ್ಲಕ್ಕೂ ಕಾರಣವಿರುವ ಜಗತ್ತಿನಲ್ಲಿ ಸ್ವತಂತ್ರ ಇಚ್ಛೆಗೆ ಜಾಗ ಇದೆಯೇ? ನನ್ನ ಉತ್ತರ ಹೌದು, ಇದೆ. ಆದರೆ ಸ್ವಾತಂತ್ರ್ಯದ ಜೊತೆಗೆ ನಾವು ಸೇರಿಸಿಕೊಂಡು ಬಂದಿರುವ ಒಂದು ನಂಬಿಕೆಯನ್ನು ಕೈಬಿಡಬೇಕಾಗುತ್ತದೆ. ಅದು ಯಾವುದೆಂದು ತಿಳಿಯಲು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ.

ಗೋಸಾಲ ಹೇಳಿದ್ದು ಹಣೆಬರಹದ ಮಾತು. ಬೌದ್ಧರ ಸಾಮಞ್ಞಫಲ ಸುತ್ತದಲ್ಲಿ ಅವನ ವಾದ ಹೀಗಿದೆ: ಎಸೆದ ನೂಲಿನ ಉಂಡೆ ನೂಲು ಮುಗಿಯುವ ತನಕ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾಗೆಯೇ ಮೂಢರೂ ಜಾಣರೂ 84 ಲಕ್ಷ ಮಹಾಕಲ್ಪ ಸುತ್ತಿ ಮುಗಿಸಿದ ಮೇಲೆಯೇ ದುಃಖದಿಂದ ಬಿಡುಗಡೆ. ನೀವು ತಪಸ್ಸು ಮಾಡಿ, ಬಿಡಿ, ನೂಲಿನ ಉದ್ದ ಬದಲಾಗದು. ಇದು ಆಗ ಯಾರೋ ನಾಲ್ಕು ಜನ ನಂಬಿದ ವಿಚಾರವಲ್ಲ. ಅಶೋಕ ಆಜೀವಿಕರಿಗೆ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನು ಕೊಟ್ಟ. ದಕ್ಷಿಣದಲ್ಲಿ ಆಜೀವಿಕರ ಮೇಲೆ ಹಾಕಿದ ತೆರಿಗೆಯ ಉಲ್ಲೇಖ ತಮಿಳು ನಾಡಿನ, ನಮ್ಮ ಕೋಲಾರ ಭಾಗದ ಶಾಸನಗಳಲ್ಲೂ ಸಿಗುತ್ತದೆ.

ಗೋಸಾಲನ ಮಾತಿನಲ್ಲಿ ಗಮನಿಸಬೇಕಾದದ್ದು ಒಂದಿದೆ. ಜೀವಿಗಳು ಕೆಡುವುದಕ್ಕೂ ಶುದ್ಧವಾಗುವುದಕ್ಕೂ ಕಾರಣವೇ ಇಲ್ಲ ಎಂದು ಅವನು ಹೇಳುತ್ತಾನೆ. ವಿಜ್ಞಾನದಿಂದ ಬಂದ ಡಿಟರ್ಮಿನಿಸಂ ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಕಾರಣವಿಲ್ಲದೆ ಯಾವುದೂ ಇಲ್ಲ, ಮತ್ತು ನಿಮ್ಮ ಪ್ರಯತ್ನವೂ ಆ ಕಾರಣಗಳಲ್ಲಿ ಒಂದು. ಹಣೆಬರಹದ ಪ್ರಕಾರ ನೀವು ಏನು ಮಾಡಿದರೂ ಕೊನೆಗೆ ಆಗುವುದು ಒಂದೇ. ಡಿಟರ್ಮಿನಿಸಂ ಪ್ರಕಾರ ಕೊನೆಗೆ ಏನಾಗುತ್ತದೆ ಅನ್ನುವುದು ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಆದರೆ ನೀವು ಏನು ಮಾಡುತ್ತೀರಿ ಅನ್ನುವುದಕ್ಕೂ ಕಾರಣಗಳಿವೆ.

ಈ ಎರಡನ್ನೂ ಕಲಸಿಬಿಟ್ಟರೆ ಜೀವಕ್ಕೇ ಅಪಾಯ. ‘ಹಣೇಲಿ ಬರೆದಿದ್ರೆ ಹೆಲ್ಮೆಟ್ ಹಾಕಿದ್ರೂ ಸಾಯ್ತೀವಿ’ ಎಂಬ ಮಾತು ನೀವೂ ಕೇಳಿರಬಹುದು. ಸಾವಿರಾರು ವರ್ಷಗಳ ಹಿಂದೆ ಗ್ರೀಕರಲ್ಲೂ ಇದೇ ವಾದವಿತ್ತು. ಅವರು ಅದನ್ನು ಸೋಮಾರಿ ವಾದ ಎಂದು ಕರೆಯುತ್ತಿದ್ದರು. ಕಾಯಿಲೆ ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯ ಬೇಡ, ಇಲ್ಲದಿದ್ದರೆ ವೈದ್ಯನಿಂದ ಏನೂ ಆಗದು, ಹಾಗಾಗಿ ಕರೆಯುವುದೇ ದಂಡ. ಕ್ರಿಸ್ತಪೂರ್ವ 3ನೇ ಶತಮಾನದ ಸ್ಟೋಯಿಕ್ ಚಿಂತಕ ಕ್ರಿಸಿಪ್ಪಸ್ ಇದಕ್ಕೆ ಕೊಟ್ಟ ಉತ್ತರವನ್ನು ಇಂದಿಗೂ ಯಾರೂ ಸೋಲಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ. ವಾಸಿಯಾಗುವುದು ನಿಗದಿಯಾಗಿದ್ದರೆ ಅದು ವೈದ್ಯನನ್ನು ಕರೆದದ್ದರ ಮೂಲಕವೇ ನಿಗದಿಯಾಗಿರಬಹುದು. ಎರಡೂ ಒಟ್ಟಿಗೆ ಬರುತ್ತವೆ. ತಲೆ ಉಳಿಯುವುದು ಹೆಲ್ಮೆಟ್ಟಿನಿಂದ. ಅದನ್ನು ಹಾಕಿಕೊಳ್ಳುವುದಕ್ಕೆ ಕಾರಣ ನಿಮ್ಮ ಯೋಚನೆ. ಆ ಯೋಚನೆಗೂ ಕಾರಣವಿದೆ ಅಂದ ಮಾತ್ರಕ್ಕೆ ಹೆಲ್ಮೆಟ್ ಕೆಲಸ ಮಾಡುವುದನ್ನು ನಿಲ್ಲಿಸುವುದಿಲ್ಲ.

ಇಷ್ಟರಿಂದ ಪ್ರಶ್ನೆ ಮುಗಿಯುವುದಿಲ್ಲ. ನಿಜವಾದ ಕಷ್ಟ ಇಲ್ಲಿಂದಲೇ ಶುರು.

1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಒಂದು ಬುದ್ಧಿಯನ್ನು ಕಲ್ಪಿಸಿಕೊಂಡ. ಈ ಕ್ಷಣದಲ್ಲಿ ಜಗತ್ತಿನ ಪ್ರತಿಯೊಂದು ಕಣ ಎಲ್ಲಿದೆ, ಯಾವ ಬಲ ಅದನ್ನು ಎಳೆಯುತ್ತಿದೆ ಎಂದು ಆ ಬುದ್ಧಿಗೆ ಗೊತ್ತು. ಲೆಕ್ಕ ಹಾಕುವ ಶಕ್ತಿಯೂ ಇದೆ. ಅಂಥ ಬುದ್ಧಿಗೆ ಹಿಂದಿನದೂ ಮುಂದಿನದೂ ಕಣ್ಣೆದುರಿಗೆ ಇದ್ದಂತೆ. ಡಿಟರ್ಮಿನಿಸಂ ಅಂದರೆ ಇದೇ. ಹಿಂದಿನ ಸ್ಥಿತಿ ಮತ್ತು ನಿಸರ್ಗದ ನಿಯಮ, ಈ ಎರಡು ಸೇರಿದರೆ ಮುಂದಿನದಕ್ಕೆ ಒಂದೇ ದಾರಿ.

ಇದನ್ನು ಇಟ್ಟುಕೊಂಡು ಅಮೆರಿಕದ ತತ್ತ್ವಶಾಸ್ತ್ರಜ್ಞ ಪೀಟರ್ ವಾನ್ ಇನ್‌ವಾಗನ್ 1983ರಲ್ಲಿ ಒಂದು ವಾದವನ್ನು ಬಿಗಿಯಾಗಿ ಕಟ್ಟಿದ. ಸಾರ ಸರಳ. ಡಿಟರ್ಮಿನಿಸಂ ನಿಜವಾದರೆ, ನಾವು ಮಾಡುವುದೆಲ್ಲ ನಾವು ಹುಟ್ಟುವ ಮೊದಲಿನ ಸ್ಥಿತಿ ಮತ್ತು ನಿಸರ್ಗ ನಿಯಮಗಳ ಫಲ. ನಾವು ಹುಟ್ಟುವ ಮೊದಲು ಏನಾಯಿತೋ ಅದು ನಮ್ಮ ಕೈಯಲ್ಲಿಲ್ಲ. ನಿಸರ್ಗ ನಿಯಮಗಳೂ ನಮ್ಮ ಕೈಯಲ್ಲಿಲ್ಲ. ಹಾಗಾದರೆ ಅವುಗಳ ಫಲವೂ, ಅಂದರೆ ನಾವು ಈಗ ಮಾಡುತ್ತಿರುವುದೂ, ನಮ್ಮ ಕೈಯಲ್ಲಿಲ್ಲ. ಎಲ್ಲಿ ತಪ್ಪಿದೆ ತೋರಿಸಿ ನೋಡೋಣ ಅಂದರೆ ಬೆರಳು ಇಡುವುದು ಸುಲಭವಲ್ಲ, ಅಲ್ವಾ?

ಈ ಇಕ್ಕಟ್ಟಿನಿಂದ ಹೊರಬರಲು ಕೆಲವರು ಕ್ವಾಂಟಂ ಭೌತವಿಜ್ಞಾನದ ಕಡೆ ಓಡುತ್ತಾರೆ. ಅಣುವಿನ ಮಟ್ಟದಲ್ಲಿ ಎಲ್ಲವೂ ನಿಗದಿಯಾಗಿಲ್ಲ, ಅಲ್ಲಿ ಆಕಸ್ಮಿಕಕ್ಕೆ ಜಾಗವಿದೆ, ಆದ್ದರಿಂದ ನಮಗೆ ಸ್ವಾತಂತ್ರ್ಯವಿದೆ ಅನ್ನುತ್ತಾರೆ. ಈ ದಾರಿ ನನಗೆ ಎಂದೂ ಸರಿ ಕಂಡಿಲ್ಲ. ಮಡಕೆ ಒಡೆದವನ ತಲೆಯಲ್ಲಿ ಒಂದು ಕಣ ಸುಮ್ನೆ ಆ ಕಡೆ ಹೋಗುವ ಬದಲು ಈ ಕಡೆ ಹೋಯಿತು, ಅದರಿಂದ ಕೈ ಎದ್ದಿತು ಎಂದುಕೊಳ್ಳಿ. ಇದರಿಂದ ಅವನ ಸ್ವಾತಂತ್ರ್ಯ ಜಾಸ್ತಿ ಆಯಿತೇ? ಕಾರಣವಿಲ್ಲದೆ ಎದ್ದ ಕೈ ಅವನದು ಅನ್ನುವುದು ಇನ್ನೂ ಕಷ್ಟ.

ಇನ್ನೊಂದು ದಾರಿ, ಸ್ವಾತಂತ್ರ್ಯ ಇಲ್ಲವೇ ಇಲ್ಲ ಎಂದು ಒಪ್ಪಿಬಿಡುವುದು. ಇದಕ್ಕೆ 1924ರ ಶಿಕಾಗೋದ ಒಂದು ಮೊಕದ್ದಮೆಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಶ್ರೀಮಂತ ಮನೆಗಳ ಇಬ್ಬರು ಹುಡುಗರು, 19 ವರ್ಷದ ಲಿಯೊಪೋಲ್ಡ್ ಮತ್ತು 18 ವರ್ಷದ ಲೋಬ್, 14 ವರ್ಷದ ಬಾಲಕನೊಬ್ಬನನ್ನು ಕೊಂದಿದ್ದರು. ತಪ್ಪು ಒಪ್ಪಿಕೊಂಡಿದ್ದರು. ಗಲ್ಲಿನಿಂದ ಪಾರು ಮಾಡಲು ನಿಂತ ವಕೀಲ ಕ್ಲಾರೆನ್ಸ್ ಡ್ಯಾರೋ ಬಹಳ ದೀರ್ಘವಾಗಿ ವಾದಿಸಿದ. ಈ ಹುಡುಗರು ತಮ್ಮ ತಂದೆತಾಯಿಯನ್ನು ಆರಿಸಿಕೊಳ್ಳಲಿಲ್ಲ, ತಮ್ಮ ಮನಸ್ಸನ್ನು ತಾವೇ ಮಾಡಿಕೊಳ್ಳಲಿಲ್ಲ, ಎಲ್ಲೋ ಹಿಂದಿನಿಂದ ಬಂದದ್ದು, ಸುತ್ತಲಿನಿಂದ ಬಂದದ್ದು ಸೇರಿ ಅವರನ್ನು ಹೀಗೆ ಮಾಡಿತು ಅನ್ನುವುದು ಅವನ ಮಾತಿನ ತಿರುಳು. ನ್ಯಾಯಾಧೀಶ ಗಲ್ಲು ಕೊಡಲಿಲ್ಲ. ಜೀವಾವಧಿ ಮತ್ತು ಅದರ ಮೇಲೆ 99 ವರ್ಷ ಕೊಟ್ಟ. ಆದರೆ ಅವನು ಮುಖ್ಯವಾಗಿ ಹಿಡಿದದ್ದು ಹುಡುಗರ ವಯಸ್ಸನ್ನು. ಡ್ಯಾರೋನ ತತ್ತ್ವವನ್ನಲ್ಲ.

ನ್ಯಾಯಾಧೀಶ ಹಾಗೆ ಮಾಡಿದ್ದು ಯಾಕೆ ಸರಿ? ಡ್ಯಾರೋನ ವಾದವನ್ನು ಪೂರ್ತಿ ಒಪ್ಪಿದರೆ ಕೊಂದವನಿಗೂ, ಜಾರಿ ಬಿದ್ದು ಮಡಕೆ ಒಡೆದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಇಬ್ಬರಿಗೂ ಕಾರಣಗಳಿದ್ದವು. ಆದರೆ ವ್ಯತ್ಯಾಸ ಇದೆ ಎಂದು ಮಕ್ಕಳಿಗೂ ಗೊತ್ತು. ‘ಬೇಕಂತ ಮಾಡಿದ್ದಲ್ಲಮ್ಮಾ’ ಎಂದು ಮಗು ಅಳುವುದು ಅದನ್ನೇ ಹೇಳಲು. ಕಾರಣ ಇತ್ತೋ ಇಲ್ಲವೋ ಅನ್ನುವುದು ಆ ಮಗುವಿಗೆ ಬೇಕಿಲ್ಲ. ಯಾವ ತರಹದ ಕಾರಣ ಅನ್ನುವುದು ಬೇಕು. ಸಮನ್ವಯವಾದಿಗಳು, ಅಂದರೆ ಡಿಟರ್ಮಿನಿಸಂ ಮತ್ತು ಸ್ವಾತಂತ್ರ್ಯ ಒಟ್ಟಿಗೆ ಇರಬಲ್ಲವು ಎನ್ನುವವರು, ಹಿಡಿಯುವುದು ಈ ಎಳೆಯನ್ನೇ.

ಇವರಲ್ಲಿ ಮೊದಮೊದಲಿನವರ ಉತ್ತರ ತುಂಬಾ ಸರಳವಾಗಿತ್ತು. 1645ರಲ್ಲಿ ಪ್ಯಾರಿಸ್ಸಿನಲ್ಲಿ ಥಾಮಸ್ ಹಾಬ್ಸ್ ಬಿಷಪ್ ಬ್ರಾಮ್‌ಹಾಲ್ ಜೊತೆ ಇದೇ ವಿಷಯಕ್ಕೆ ವಾದಕ್ಕಿಳಿದ. ಅಡ್ಡಿಯಿಲ್ಲದೆ ಹರಿಯುವ ನೀರು ಹೇಗೆ ಸ್ವತಂತ್ರವೋ ಮನುಷ್ಯನೂ ಹಾಗೆ, ಹೊರಗಿನ ತಡೆ ಇಲ್ಲದಿದ್ದರೆ ಸಾಕು ಎಂಬುದು ಅವನ ನಿಲುವು. 1748ರಲ್ಲಿ ಡೇವಿಡ್ ಹ್ಯೂಮ್ ಇದನ್ನೇ ಇನ್ನಷ್ಟು ಚೊಕ್ಕಗೊಳಿಸಿದ. ಕೂರಬೇಕೆಂದರೆ ಕೂರಬಹುದು, ಏಳಬೇಕೆಂದರೆ ಏಳಬಹುದು. ಸರಪಳಿಯಲ್ಲಿರುವ ಕೈದಿ ಬಿಟ್ಟರೆ ಉಳಿದವರಿಗೆಲ್ಲ ಈ ಸ್ವಾತಂತ್ರ್ಯ ಇದೆ. ನಮ್ಮ ಇಷ್ಟಕ್ಕೆ ಕಾರಣಗಳಿದ್ದರೇನು? ಅದು ನಮ್ಮ ಇಷ್ಟ ತಾನೆ?

ಜರ್ಮನಿಯ ತತ್ತ್ವಶಾಸ್ತ್ರಜ್ಞ ಕಾಂಟ್‌ಗೆ ಈ ಉತ್ತರ ಕೇಳಿ ಸಿಟ್ಟು ಬಂತು. 1788ರಲ್ಲಿ ಅವನು ಇದನ್ನು ಕ್ಷುದ್ರ ನೆಪ ಎಂಬರ್ಥದಲ್ಲಿ ಜರೆದ. ಒಮ್ಮೆ ಕೀಲಿ ಕೊಟ್ಟರೆ ತಾನೇ ತಿರುಗುವ, ಮಾಂಸ ಸುಡುವ ಯಂತ್ರಕ್ಕೂ ಇಂಥ ಸ್ವಾತಂತ್ರ್ಯ ಇದೆಯಲ್ಲ ಎಂದು ಕೇಳಿದ. ಅವನ ಸಿಟ್ಟು ನ್ಯಾಯವಾದದ್ದೇ. ಕುಡಿತದ ಚಟಕ್ಕೆ ಬಿದ್ದವನನ್ನು ನೋಡಿ. ಅವನನ್ನು ಯಾರೂ ಸರಪಳಿಯಲ್ಲಿ ಕಟ್ಟಿಲ್ಲ. ತನಗೆ ಬೇಕೆಂದೇ ಅಂಗಡಿಗೆ ಹೋಗುತ್ತಾನೆ. ಹ್ಯೂಮ್ ಹೇಳುವಂತಾದರೆ ಅವನು ಪೂರ್ತಿ ಸ್ವತಂತ್ರ. ಅವನ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ ಅದು ಎಷ್ಟು ಸುಳ್ಳೆಂದು.

ಇಲ್ಲಿ ಬರುತ್ತಾನೆ ಅಮೆರಿಕದ ತತ್ತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್. 1971ರ ಒಂದು ಲೇಖನದಲ್ಲಿ ಅವನು ಚಟ ಹಿಡಿದ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದ. ಇಬ್ಬರಿಗೂ ಮಾದಕ ಬೇಕು. ಒಬ್ಬನಿಗೆ ಆ ಬಯಕೆಯೇ ಬೇಡ. ಬಿಡಬೇಕೆಂದು ಒದ್ದಾಡುತ್ತಾನೆ, ಪ್ರತಿಸಲ ಸೋಲುತ್ತಾನೆ. ಇನ್ನೊಬ್ಬ ಅದನ್ನು ಒಪ್ಪಿಕೊಂಡಿದ್ದಾನೆ, ಬಿಡುವ ಮನಸ್ಸೇ ಅವನಿಗಿಲ್ಲ. ಮನುಷ್ಯನಿಗೆ ಬಯಕೆಗಳು ಮಾತ್ರವಲ್ಲ, ತನ್ನ ಬಯಕೆಗಳ ಬಗ್ಗೆಯೇ ಬಯಕೆಗಳಿರುತ್ತವೆ. ಯಾವ ಬಯಕೆ ನನ್ನನ್ನು ನಡೆಸಬೇಕು ಎಂದು ನಾನು ಬಯಸುತ್ತೇನೋ ಅದೇ ನನ್ನನ್ನು ನಡೆಸಿದರೆ ಆಗ ನನ್ನ ಇಚ್ಛೆ ನನ್ನದು. ಒದ್ದಾಡುವವನ ಇಚ್ಛೆ ಅವನದಲ್ಲ, ಅವನನ್ನು ಎಳೆದುಕೊಂಡು ಹೋಗುವ ಶಕ್ತಿ ಅದು.

ಫ್ರಾಂಕ್‌ಫರ್ಟ್‌ನ ಈ ವಿಚಾರ ನನಗೆ ಬಹಳ ಪ್ರಿಯ. ಸ್ವಾತಂತ್ರ್ಯ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರಗಳ ಆಟವನ್ನು ಅದು ಮುರಿಯುತ್ತದೆ. ಸ್ವಾತಂತ್ರ್ಯ ಹೆಚ್ಚು ಕಡಿಮೆ ಆಗುವಂಥದ್ದು. ಒಬ್ಬನಲ್ಲೇ ಬೆಳಿಗ್ಗೆ ಹೆಚ್ಚಿದ್ದು ರಾತ್ರಿ ಕಡಿಮೆಯಾಗಬಹುದು. ಚಿಕಿತ್ಸೆಯಿಂದ ಬೆಳೆಯಬಹುದು, ಹೊಡೆತ ಬಡಿತದ ಬಾಲ್ಯದಿಂದ ಕುಗ್ಗಬಹುದು. ಇವೆಲ್ಲ ಕಾರಣಗಳ ಮೂಲಕವೇ ಆಗುತ್ತವೆ. ಅಂದರೆ ಸ್ವಾತಂತ್ರ್ಯ ಹುಟ್ಟುವುದೂ ಕಾರಣಗಳಿಂದಲೇ.

ಆದರೂ ವಾನ್ ಇನ್‌ವಾಗನ್‌ನ ವಾದ ಇನ್ನೂ ಅಲ್ಲೇ ನಿಂತಿದೆ. ಮಡಕೆ ಒಡೆದವನು ಬೇರೆ ರೀತಿ ನಡೆದುಕೊಳ್ಳಬಹುದಿತ್ತೇ? ಇದಕ್ಕೆ ಸಮನ್ವಯವಾದಿಗಳು ಎರಡು ಉತ್ತರ ಕೊಡುತ್ತಾರೆ.

ಒಂದು ಉತ್ತರ, ಈ ಪ್ರಶ್ನೆಗೆ ಎರಡು ಅರ್ಥ ಇದೆ ಅನ್ನುವುದು. ಹಿಂದಿನದೆಲ್ಲ ಕೂದಲೆಳೆಯಷ್ಟೂ ಬದಲಾಗದೆ ಹಾಗೇ ಇದ್ದು, ಬೇರೆ ಏನಾದರೂ ಆಗಬಹುದಿತ್ತೇ? ಡಿಟರ್ಮಿನಿಸಂ ನಿಜವಾದರೆ ಇಲ್ಲ. ಆದರೆ ದಿನನಿತ್ಯ ನಾವು ‘ಬಿಡಬಹುದಿತ್ತಲ್ಲ’ ಅನ್ನುವಾಗ ಕೇಳುವುದು ಅದನ್ನಲ್ಲ. ಅವನಿಗೆ ಆ ಸಾಮರ್ಥ್ಯ ಇತ್ತೇ ಎಂದು ಕೇಳುತ್ತೇವೆ. ಮಡಕೆಯ ರಾಶಿ ಹಿಂದೆ ಮಗು ಮಲಗಿದೆ ಎಂದು ಗೊತ್ತಾಗಿದ್ದರೆ ಅವನು ಕೈ ತಡೆಯುತ್ತಿದ್ದನೇ? ಕುಂಬಾರ ಎದುರಿಗೇ ನಿಂತಿದ್ದರೆ? ಗೆಳೆಯನೊಬ್ಬ ‘ಬೇಡ ಕಣೋ’ ಅಂದಿದ್ದರೆ? ಇಂಥ ಕಡೆಗಳಲ್ಲಿ ತಡೆಯುತ್ತಿದ್ದ ಅಂದರೆ ಅವನ ಮನಸ್ಸು ಸಕಾರಣಕ್ಕೆ ಬಗ್ಗುವ ಮನಸ್ಸು. ಅವನೊಳಗೆ ಒಂದು ತೂಗುವ ಶಕ್ತಿ ಇದೆ, ಈ ಸಲ ಅದನ್ನು ಅವನು ಹೊಟ್ಟೆಕಿಚ್ಚಿನ ಕಡೆಗೆ ಬಳಸಿದ. ಯಾವ ಮಾತಿಗೂ, ಯಾವ ಸ್ಥಿತಿಗೂ ಬಗ್ಗದೆ ಒಡೆದೇ ತೀರುವವನಾಗಿದ್ದರೆ ಅವನಿಗೆ ಬೇಕಾದದ್ದು ವೈದ್ಯ. ಜಾನ್ ಫಿಶರ್ ಮತ್ತು ಮಾರ್ಕ್ ರವಿಜ್ಜಾ ಎಂಬ ಇಬ್ಬರು ಈ ವಿಚಾರವನ್ನು 1998ರಲ್ಲಿ ವಿಸ್ತಾರವಾಗಿ ಬೆಳೆಸಿದರು.

ಎರಡನೆಯ ಉತ್ತರ ಮತ್ತೆ ಫ್ರಾಂಕ್‌ಫರ್ಟ್‌ನದು, 1969ರದ್ದು. ಬೇರೆ ದಾರಿ ಇರಲೇಬೇಕು ಅನ್ನುವ ಷರತ್ತೇ ತಪ್ಪು ಅನ್ನುತ್ತಾನೆ ಅವನು. ಅವನ ಕಲ್ಪನೆಯನ್ನು ನಮ್ಮ ಮಡಕೆಗೆ ಹೊಂದಿಸೋಣ. ಕುಂಬಾರನ ಶತ್ರುವೊಬ್ಬ ನಮ್ಮ ಆಸಾಮಿಯ ತಲೆಯಲ್ಲಿ ಗುಟ್ಟಾಗಿ ಒಂದು ಉಪಕರಣ ಇಟ್ಟಿದ್ದಾನೆ. ಆಸಾಮಿ ಹಿಂಜರಿಯುವ ಸೂಚನೆ ಕಂಡರೆ ಉಪಕರಣ ಅವನ ಮನಸ್ಸನ್ನು ತಿರುಗಿಸಿ ಒಡೆಸುತ್ತದೆ. ಆದರೆ ಅವನು ಹಿಂಜರಿಯಲೇ ಇಲ್ಲ. ತನ್ನ ಹೊಟ್ಟೆಕಿಚ್ಚಿನಿಂದಲೇ ಹೋಗಿ ಒಡೆದ. ಉಪಕರಣ ಸುಮ್ನೆ ಕೂತಿತ್ತು. ಅವನಿಗೆ ಬೇರೆ ದಾರಿ ಇರಲಿಲ್ಲ. ಆದರೂ ತಪ್ಪು ಅವನದೇ ಅಲ್ವಾ? ಹಾಗಿದ್ದರೆ ತಪ್ಪನ್ನು ಅವನದಾಗಿಸಿದ್ದು ಬೇರೆ ದಾರಿಯ ಇರವಲ್ಲ, ಅವನ ಕೆಲಸ ಅವನ ಮನಸ್ಸಿನಿಂದಲೇ ಹೊರಟದ್ದು.

ಈ ಉದಾಹರಣೆಯ ಮೇಲೆ ಐವತ್ತು ವರ್ಷಗಳಿಂದ ಜಗಳ ನಡೆಯುತ್ತಲೇ ಇದೆ. ಹಿಂಜರಿಯುವ ಆ ಒಂದು ಸೂಚನೆಯೂ ಬೇರೆ ದಾರಿಯೇ ತಾನೆ ಎಂದು ಎದುರಾಳಿಗಳು ಕೇಳುತ್ತಾರೆ. ನನಗೆ ಮೊದಲನೆಯ ಉತ್ತರವೇ ಹೆಚ್ಚು ಗಟ್ಟಿ ಕಾಣುತ್ತದೆ.

ಮಿದುಳಿನ ಪ್ರಯೋಗಗಳ ಬಗ್ಗೆ ಎರಡು ಮಾತು. 1983ರಲ್ಲಿ ಬೆಂಜಮಿನ್ ಲಿಬೆಟ್ ತಂಡ ಒಂದು ಪ್ರಯೋಗ ಪ್ರಕಟಿಸಿತು. ಮನಸ್ಸು ಬಂದಾಗ ಕೈ ಆಡಿಸಿ ಎಂದು ಜನರಿಗೆ ಹೇಳಿದರು. ಕೈ ಆಡುವ ಸುಮಾರು ಅರ್ಧ ಸೆಕೆಂಡು ಮೊದಲೇ ಮಿದುಳಿನಲ್ಲಿ ತಯಾರಿಯ ಅಲೆ ಏಳುತ್ತಿತ್ತು. ‘ಈಗ ಆಡಿಸೋಣ’ ಎಂದು ತಮಗೆ ಅನ್ನಿಸಿದ್ದಾಗಿ ಅವರು ಹೇಳಿದ್ದು ಸುಮಾರು 0.2 ಸೆಕೆಂಡು ಮೊದಲು. ಮಿದುಳು ನಿಮಗಿಂತ ಮೊದಲೇ ತೀರ್ಮಾನಿಸಿಬಿಡುತ್ತದೆ ಎಂದು ಪತ್ರಿಕೆಗಳು ಬರೆದವು. 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಬೇರೊಂದು ವಿವರಣೆ ಕೊಟ್ಟರು. ಆ ಅಲೆ ತೀರ್ಮಾನವೇ ಆಗಬೇಕಿಲ್ಲ, ಮಿದುಳಿನ ಸಹಜ ಏರಿಳಿತ ಒಂದು ಮಟ್ಟ ದಾಟಿದಾಗ ಕೈ ಆಡುತ್ತದೆ, ಹಿಂದಕ್ಕೆ ಹೋಗಿ ಸರಾಸರಿ ತೆಗೆದರೆ ಅದು ಅಲೆಯಂತೆ ಕಾಣುತ್ತದೆ. ಅದಿರಲಿ, ಯಾವ ಉದ್ದೇಶವೂ ಇಲ್ಲದೆ ಬೆರಳು ಆಡಿಸುವುದರಿಂದ ಮದುವೆ, ಕೆಲಸ, ಸುಳ್ಳು, ಸತ್ಯದ ಬಗ್ಗೆ ತೀರ್ಪು ಕೊಡುವುದು ಅವಸರ. ವಾರಗಟ್ಟಲೆ ಯೋಚಿಸಿ ಕೆಲಸ ಬಿಡುವವನ ಸ್ವಾತಂತ್ರ್ಯ ಕೊನೆಯ ಅರ್ಧ ಸೆಕೆಂಡಿನಲ್ಲಿ ಅಡಗಿ ಕೂತಿಲ್ಲ.

ಸಮನ್ವಯವಾದಕ್ಕೆ ನಿಜವಾಗಿ ನೋವಾಗುವ ಪೆಟ್ಟು ಬರುವುದು ತತ್ತ್ವಶಾಸ್ತ್ರಜ್ಞ ಡರ್ಕ್ ಪೆರೆಬೂಮ್‌ನಿಂದ. ಅವನ ವಾದ ಹೀಗೆ ಸಾಗುತ್ತದೆ. ಕೆಲವು ವಿಜ್ಞಾನಿಗಳು ಒಬ್ಬ ಮನುಷ್ಯನ ಮಿದುಳನ್ನು ಕ್ಷಣಕ್ಷಣವೂ ತಿದ್ದುತ್ತಾ ಅವನು ಸ್ವಾರ್ಥದಿಂದ ಯೋಚಿಸಿ ಕೊಲೆ ಮಾಡುವಂತೆ ಮಾಡುತ್ತಾರೆ. ಅವನ ಬಯಕೆಗಳು ಒಂದಕ್ಕೊಂದು ಹೊಂದುತ್ತವೆ, ಸಕಾರಣಕ್ಕೆ ಬಗ್ಗುವ ಶಕ್ತಿಯೂ ಇದೆ. ಆದರೂ ಅವನನ್ನು ಹೊಣೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಸರಿ, ಕ್ಷಣಕ್ಷಣ ಬೇಡ, ಹುಟ್ಟುವಾಗ ಒಮ್ಮೆ ಮಾತ್ರ ತಿದ್ದಿದರು ಅನ್ನೋಣ. ಅದೂ ಬೇಡ, ಬೆಳೆದ ಮನೆ ಮತ್ತು ಊರು ಅವನನ್ನು ಹಾಗೆ ರೂಪಿಸಿದವು ಅನ್ನೋಣ. ಕೊನೆಗೆ, ಬರೀ ನಿಸರ್ಗದ ಕಾರಣಗಳೇ ಹಾಗೆ ಮಾಡಿದವು ಅನ್ನೋಣ. ಎಲ್ಲಿಂದ ಅವನು ಹೊಣೆಗಾರನಾದ? ಗೆರೆ ಎಲ್ಲಿ ಎಳೆಯುತ್ತೀರಿ?

ಹಿಂದೆ ಒಬ್ಬ ಸೂತ್ರಧಾರ ಇದ್ದಾನೋ ಇಲ್ಲವೋ ಅನ್ನುವುದೇ ವ್ಯತ್ಯಾಸ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಸಾಲದು. ಸೂತ್ರಧಾರನ ಜಾಗದಲ್ಲಿ ಕುರುಡು ನಿಸರ್ಗ ಬಂದರೆ ಆ ಮನುಷ್ಯ ತನ್ನನ್ನು ತಾನು ಮಾಡಿಕೊಂಡಂತೆ ಆಗುವುದಿಲ್ಲವಲ್ಲ. ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಗೇಲನ್ ಸ್ಟ್ರಾಸನ್ 1994ರಲ್ಲಿ ಇದನ್ನು ತೀರಾ ಬಿಚ್ಚಿಟ್ಟ. ಕೊನೆಯ ಮಟ್ಟದಲ್ಲಿ ಹೊಣೆಯಾಗಬೇಕಾದರೆ ನಾನು ಈಗ ಇರುವ ರೀತಿಗೆ ನಾನೇ ಕಾರಣವಾಗಿರಬೇಕು. ಅದಕ್ಕೆ ಮೊದಲು ನಾನು ಇದ್ದ ರೀತಿಗೂ ನಾನೇ ಕಾರಣವಾಗಿರಬೇಕು. ಹೀಗೆ ಹಿಂದಕ್ಕೆ ಹೋದರೆ ಎಲ್ಲೂ ನಿಲ್ಲುವುದಿಲ್ಲ.

ಸ್ವಾರಸ್ಯ ಏನೆಂದರೆ, ಇದರ ಎದುರು ಪಕ್ಷವನ್ನು ಸೊಗಸಾಗಿ ಹೇಳಿದ್ದು ಗೇಲನ್‌ನ ತಂದೆ ಪೀಟರ್ ಸ್ಟ್ರಾಸನ್. 1962ರ ಅವನ ಉಪನ್ಯಾಸ ಓದುವಾಗ ನನಗೆ ಪದೇಪದೇ ನೆನಪಾಗುವುದು ಸದ್ದಾಲಪುತ್ತ. ಯಾರಾದರೂ ಬೇಕೆಂದು ನನ್ನ ಕೈ ತುಳಿದರೆ ಸಿಟ್ಟು ಬರುತ್ತದೆ, ಗೊತ್ತಿಲ್ಲದೆ ತುಳಿದರೆ ನೋವು ಅಷ್ಟೇ ಆದರೂ ಸಿಟ್ಟು ಬರುವುದಿಲ್ಲ. ಸಿಟ್ಟು, ಕೃತಜ್ಞತೆ, ಕ್ಷಮೆ, ಪ್ರೀತಿ, ಪಶ್ಚಾತ್ತಾಪ ಇವೆಲ್ಲ ಇನ್ನೊಬ್ಬರು ನಮ್ಮ ಬಗ್ಗೆ ಎಂಥ ಮನಸ್ಸಿಟ್ಟುಕೊಂಡಿದ್ದಾರೆ ಅನ್ನುವುದಕ್ಕೆ ನಾವು ಕೊಡುವ ಉತ್ತರಗಳು. ಚಿಕ್ಕ ಮಗುವಿನ ಮೇಲೆ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರ ಮೇಲೆ ಆ ಸಿಟ್ಟನ್ನು ನಾವು ತಡೆಹಿಡಿಯುತ್ತೇವೆ. ತಡೆಹಿಡಿಯುವುದು ಅವರ ನಡತೆಗೆ ಕಾರಣ ಇದೆ ಅಂತಲ್ಲ, ಆ ಬಗೆಯ ಮನಸ್ಸು ಇಟ್ಟುಕೊಳ್ಳುವ ಶಕ್ತಿ ಅವರಲ್ಲಿ ಇನ್ನೂ ಬಂದಿಲ್ಲ ಅಥವಾ ಹೋಗಿದೆ ಅಂತ. ಡಿಟರ್ಮಿನಿಸಂ ನಿಜ ಎಂದು ನಾಳೆ ಯಾರಾದರೂ ಸಾಬೀತು ಮಾಡಿದರೂ ಎಲ್ಲರಲ್ಲೂ ಆ ಶಕ್ತಿ ಮಾಯವಾಗುವುದಿಲ್ಲ.

ಹಾಗಾಗಿ ಕುಂಬಾರನ ಸಿಟ್ಟು ಅವನ ಸಿದ್ಧಾಂತವನ್ನು ಸುಳ್ಳು ಮಾಡಿತು ಎಂಬ ತೀರ್ಮಾನವನ್ನು ಎರಡು ಭಾಗ ಮಾಡಬೇಕು. ಪ್ರಯತ್ನವೇ ಇಲ್ಲ ಎಂಬ ಗೋಸಾಲನ ಮಾತನ್ನು ಆ ಸಿಟ್ಟು ಸುಳ್ಳು ಮಾಡುತ್ತದೆ. ಪ್ರಯತ್ನಕ್ಕೂ ಕಾರಣವಿದೆ ಎಂಬ ಮಾತನ್ನು ಅದು ಮುಟ್ಟುವುದೇ ಇಲ್ಲ. ಇನ್ನೂ ಒಂದು ವಿಷಯ ಇದೆ. ಕುಂಬಾರ ಹೇಳಿದ್ದರಲ್ಲಿ ಬೈಯುವುದೂ ಇತ್ತು, ಕೊಲ್ಲುವುದೂ ಇತ್ತು. ಬೈಯುವುದು ಇನ್ನೊಬ್ಬನ ತೂಗುವ ಶಕ್ತಿಯ ಜೊತೆ ಆಡುವ ಮಾತು. ನೀನು ಮಾಡಿದ್ದು ಸರಿಯಲ್ಲ, ನಿನಗೆ ಅರ್ಥವಾಗುತ್ತದೆ ಎಂದು ಹೇಳುವುದು. ಕೊಲ್ಲುವುದಕ್ಕೆ ಬೇರೆಯೇ ಒಂದು ನಂಬಿಕೆ ಬೇಕು. ಅವನು ನರಳಬೇಕು, ಯಾರಿಗೂ ಉಪಯೋಗವಾಗದಿದ್ದರೂ ನರಳಲೇಬೇಕು, ಅದು ಅವನಿಗೆ ಸಲ್ಲತಕ್ಕದ್ದು ಎಂಬ ನಂಬಿಕೆ.

ನಾವು ಕೈಬಿಡಬೇಕು ಎಂದು ನಾನು ಅಂದದ್ದು ಇದನ್ನೇ. ಪೆರೆಬೂಮ್ ಮತ್ತು ಕಿರಿಯ ಸ್ಟ್ರಾಸನ್ ಇಬ್ಬರೂ ಗೆಲ್ಲುವುದು ಇಲ್ಲಿ. ತನ್ನನ್ನು ತಾನು ಬುಡದಿಂದ ಮಾಡಿಕೊಂಡವನು ಯಾರೂ ಇಲ್ಲದ ಮೇಲೆ ನರಳಿಕೆಗಾಗಿಯೇ ನರಳಿಸುವುದಕ್ಕೆ ಆಧಾರ ಇಲ್ಲ. ಆದರೆ ಬೈಯುವುದು, ಕ್ಷಮೆ ಕೇಳುವುದು, ಒಡೆದದ್ದಕ್ಕೆ ಪರಿಹಾರ ಕಟ್ಟಿಸುವುದು, ಮತ್ತೆ ಒಡೆಯದಂತೆ ತಡೆಯುವುದು, ಇವಕ್ಕೆ ಅಷ್ಟು ಆಳದ ಹೊಣೆ ಬೇಕಿಲ್ಲ. ತೂಗುವ ಶಕ್ತಿ ಇದ್ದರೆ ಸಾಕು.

ನಮ್ಮ ಕಾನೂನು ಈ ದಾರಿಯಲ್ಲೇ ಅರ್ಧ ನಡೆದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ ಪ್ರಕಾರ 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. 21ನೇ ಕಲಂ 7ರಿಂದ 12 ವರ್ಷದ ಮಗುವಿಗೆ ತನ್ನ ನಡತೆಯ ಸ್ವರೂಪ ಮತ್ತು ಪರಿಣಾಮ ತಿಳಿಯುವಷ್ಟು ಬುದ್ಧಿ ಬೆಳೆದಿತ್ತೇ ಎಂದು ನೋಡುತ್ತದೆ. 22ನೇ ಕಲಂ ಬುದ್ಧಿಭ್ರಮಣೆಯಿಂದ ತಾನು ಮಾಡುತ್ತಿರುವುದು ಏನು, ಅದು ತಪ್ಪೇ ಎಂದು ತಿಳಿಯಲಾಗದವರನ್ನು ಬಿಡುತ್ತದೆ. ಹಳೆಯ ದಂಡ ಸಂಹಿತೆಯಲ್ಲೂ 82, 83, 84ನೇ ಕಲಂಗಳಲ್ಲಿ ಇದೇ ಇತ್ತು. ಇವುಗಳಲ್ಲಿ ಎಲ್ಲೂ ‘ಈ ಕೃತ್ಯಕ್ಕೆ ಕಾರಣ ಇತ್ತೇ’ ಎಂಬ ಪ್ರಶ್ನೆ ಇಲ್ಲ. ತಿಳಿಯುವ ಶಕ್ತಿ ಇತ್ತೇ ಎಂಬುದೊಂದೇ ಪ್ರಶ್ನೆ. ಯಾವ ತತ್ತ್ವಶಾಸ್ತ್ರಜ್ಞನನ್ನೂ ಕೇಳದೆ ಕಾನೂನು ಸಮನ್ವಯವಾದಿಯಾಗಿದೆ.

ಆದರೆ ತಿಳಿಯುವ ಶಕ್ತಿ ಇದ್ದರಷ್ಟೇ ಸಾಕೇ? ಚಟದಲ್ಲಿ ಒದ್ದಾಡುವವನಿಗೆ ತಪ್ಪೆಂದು ಗೊತ್ತು, ತಡೆದುಕೊಳ್ಳಲು ಆಗದು. 22ನೇ ಕಲಂ ಕೇಳುವುದು ಮೊದಲನೆಯದನ್ನು ಮಾತ್ರ. ತಡೆದುಕೊಳ್ಳುವ ಶಕ್ತಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಫ್ರಾಂಕ್‌ಫರ್ಟ್ ಓದಿದ ಮೇಲೆ ಇದು ದೊಡ್ಡ ಕೊರತೆಯಾಗಿ ನನಗೆ ಕಾಣುತ್ತದೆ.

ಈ ಚರ್ಚೆ ನಮ್ಮ ದೇಶದಲ್ಲಿ ನೇರವಾಗಿ ಮನುಷ್ಯರ ಬದುಕಿಗೆ ತಟ್ಟುವ ಜಾಗ ಇನ್ನೊಂದಿದೆ. 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಂ ಪ್ರಕಾರ 16ರಿಂದ 18 ವರ್ಷದ ಹುಡುಗ ಘೋರ ಅಪರಾಧದ ಆರೋಪ ಹೊತ್ತಿದ್ದರೆ, ಬಾಲನ್ಯಾಯ ಮಂಡಳಿ ಒಂದು ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಆ ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ತಿಳಿಯುವ ಶಕ್ತಿ ಇತ್ತೇ, ಯಾವ ಸನ್ನಿವೇಶದಲ್ಲಿ ಮಾಡಿದ ಎಂದು ನೋಡಿ, ಅವನನ್ನು ವಯಸ್ಕನಂತೆ ವಿಚಾರಣೆ ಮಾಡಬೇಕೋ ಬೇಡವೋ ಎಂದು ಅದು ಹೇಳಬೇಕು. ಹ್ಯೂಮ್‌ನಿಂದ ಫಿಶರ್‌ವರೆಗೆ ಪುಸ್ತಕಗಳಲ್ಲಿ ನಡೆದ ವಾದವನ್ನು ಇಲ್ಲಿ ಒಂದು ಮಂಡಳಿ, ಒಬ್ಬ ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ಕಾಯ್ದೆ ಕೊಟ್ಟ 3 ತಿಂಗಳ ಅವಧಿಯಲ್ಲಿ ತೀರ್ಮಾನಿಸಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಇದು ಬಹಳ ಸೂಕ್ಷ್ಮವಾದ ಕೆಲಸ, ಪರಿಣತಿ ಬೇಕಾದ ಕೆಲಸ ಎಂದು ಹೇಳಿ ಮಾರ್ಗಸೂಚಿಗಳ ಅಗತ್ಯವನ್ನು ಎತ್ತಿತು. ಆ ಹುಡುಗ ಕೃತ್ಯದ ದಿನ ಎಷ್ಟು ತೂಗಬಲ್ಲವನಾಗಿದ್ದ ಎಂದು ತಿಂಗಳುಗಳ ನಂತರ ಅಳೆಯಲು ಮನಶ್ಶಾಸ್ತ್ರಜ್ಞರು ಬೇಕು, ಸಮಯ ಬೇಕು, ಅವನ ಮನೆ, ಶಾಲೆ ಎರಡನ್ನೂ ನೋಡಿಬಂದವರು ಬೇಕು. ಪಕ್ಕದಲ್ಲಿ ಬೇರೊಬ್ಬರು ಇದ್ದಾಗ ಅವನು ಹೇಗೆ ನಡೆದುಕೊಳ್ಳುತ್ತಿದ್ದ, ಬೇಡ ಅಂದರೆ ನಿಲ್ಲುತ್ತಿದ್ದನೇ, ಹಿಂದೆ ಯಾವಾಗಲಾದರೂ ನಿಂತಿದ್ದನೇ ಎಂದು ಕೇಳಿ ತಿಳಿಯಬೇಕು. ಬುದ್ಧಿಮತ್ತೆಯ ಒಂದು ಪರೀಕ್ಷೆ ಮಾಡಿ ಅಂಕ ಬರೆದುಕೊಂಡರೆ ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ.